ಹಿರಿಯರು ತಿನ್ನದ ಕಡುಬು

ಯಾಜೆನ್‌ಗೆ ಅಂದು ಬೆಳಗ್ಗೆಯಿಂದ ಅದು ಹತ್ತೊಂಬತ್ತನೆಯ ತಲೆ. ಕೂದಲು ಬಾಚಬೇಕು, ತುರುಬು ಕಟ್ಟಬೇಕು, ತುರುಬಿಗೆ ಕಡ್ಡಿ ಚುಚ್ಚಬೇಕು, ಸುತ್ತ ಮಲ್ಲಿಗೆ ಮೊಗ್ಗಿನ ದಂಡೆ, ಅದರ ಸುತ್ತ ಸೇವಂತಿಗೆ, ಕೊನೆಗೆ ಕನ್ನಡಿ ಹಿಡಿದು ಚೆನ್ನಾಗಿದೆ ಎನ್ನಬೇಕು. ಕಡಲತಡಿಯ ಶುನ್‌ಪು ಹಳ್ಳಿಯ ಮೀನುಗಾರ ಹೆಂಗಸರು ಸಿಂಪಿ ಒಡೆಯುವಾಗಲೂ ಮುಡಿಯುತ್ತಿದ್ದ ಹೂವನ್ನು ಈಗ ಊರೂರಿನವರು ರೈಲು ಹತ್ತಿ ಬಂದು ಮುಡಿದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಯಾಜೆನ್‌ಗೆ ಮೂವತ್ತೊಂಬತ್ತು. ಸೊಂಟ ಹಿಡಿದುಹೋಗಿದೆ, ಮಲ್ಲಿಗೆಯ ವಾಸನೆಗೇ ತಲೆ ಸಿಡಿಯುತ್ತದೆ.

ಬೇಸರ ತರಿಸದ ಸಂಗತಿಯೊಂದು ದಿನಕ್ಕೆ ಎರಡು ಸಲ ಓಣಿಯ ತುದಿಯಲ್ಲಿ ಕಾಣಿಸುತ್ತಿತ್ತು. ಒಂದು ಹಳದಿ ಬಾವುಟ, ಅದರ ಕೆಳಗೆ ಗೈಡ್ ದಿಂಗ್ ಪೇಮಿಂಗ್.

ಅವನು ಅವಳ ಅಂಗಡಿಯ ಎದುರಿನ ಸಿಂಪಿ ಚಿಪ್ಪಿನ ಗೋಡೆಗೆ ಬೆನ್ನು ಕೊಟ್ಟು ನಿಂತು ಪ್ರವಾಸಿಗರಿಗೆ ಕತೆ ಹೇಳುತ್ತಿದ್ದ. ನಮ್ಮ ಚುವಾಂಜೋ ಬಂದರಿನಿಂದ ಹಡಗುಗಳು ರೇಷ್ಮೆ, ಪಿಂಗಾಣಿ ತುಂಬಿಕೊಂಡು ಹೊರಟವು, ಬರುವಾಗ ಖಾಲಿ ಹಡಗು ಮಗುಚದಿರಲಿ ಎಂದು ಚಿಪ್ಪು ತುಂಬಿಕೊಂಡು ಬಂದವು, ಆ ಚಿಪ್ಪೇ ಈ ಗೋಡೆ ಎನ್ನುತ್ತಾರೆ ಹಿರಿಯರು. ಇಷ್ಟನ್ನು ಯಾಜೆನ್ ನಿದ್ದೆಯಲ್ಲೂ ಒಪ್ಪಿಸಬಲ್ಲಳು. ಕತೆಯ ಹಡಗು ಹೊರಟ ಮೇಲೆ ಅವನು ಒಮ್ಮೆ ಉಸಿರು ಎಳೆದುಕೊಳ್ಳುತ್ತಾನೆ. ಆಗ ಅವನ ಕಣ್ಣು ಅವಳ ಕಡೆ ಬರುತ್ತದೆ, ಬಂದದ್ದೇ ತಪ್ಪಾಯಿತೆಂಬಂತೆ ಕೆಳಗಿಳಿಯುತ್ತದೆ. ಅವಳ ಕಣ್ಣೂ ಅಷ್ಟೇ.

ಮೊದಲು ಹೀಗಿರಲಿಲ್ಲ. ಮೊದಲು ಅವನು ಗುಂಪಿಗಿಂತ ಅರ್ಧ ಗಂಟೆ ಮುಂಚೆ ಬಂದು, ಅವಳ ಅಂಗಡಿಯ ಕುಳ್ಳ ಸ್ಟೂಲಿನ ಮೇಲೆ ಮೊಣಕಾಲು ಮಡಚಿ ಕೂತು, ಬಿದಿರೆಲೆಯಲ್ಲಿ ಸುತ್ತಿ ಬೇಯಿಸಿದ ಹಂದಿಮಾಂಸದ ಕಡುಬು ತಿನ್ನುತ್ತಿದ್ದ. ಒಂದು ಮುಗಿಸಿ ಇನ್ನೊಂದನ್ನು ಕೇಳಲು ನಾಚಿಕೊಂಡು ಎಲೆಯನ್ನೇ ನೆಕ್ಕುತ್ತಿದ್ದ. ಪ್ರವಾಸ ಸಂಸ್ಥೆಯವರು ಊಟ ಹಾಕಲ್ವಾ ಎಂದು ಅವಳು ಕೆಣಕಿದರೆ, ಹಾಕುತ್ತಾರೆ, ಆದರೆ ಇಷ್ಟು ಬೈದು ಹಾಕುವುದಿಲ್ಲ ಎನ್ನುತ್ತಿದ್ದ. ಓಣಿಯ ಹೆಂಗಸರು ಆಗಲೇ ಇಬ್ಬರಿಗೂ ಮದುವೆ ಮಾಡಿ ಮುಗಿಸಿದ್ದರು.

ಮೂರು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡರು. ಯಾಜೆನ್ ಎರಡು ಬಸ್ಸು ಬದಲಿಸಿ ಚೆನ್‌ದಾಯ್‌ನಲ್ಲಿದ್ದ ಅವನ ಮನೆಗೆ ಹೋದಳು. ಅದೇ ಕಡುಬಿನ ಬುಟ್ಟಿಯನ್ನು ತಾನೇ ತಾಯಿಯ ಪಟದ ಮುಂದಿಟ್ಟು, ಊದುಬತ್ತಿ ಹಚ್ಚಿ ನಮಸ್ಕರಿಸಿದಳು. ತಲೆ ಎತ್ತುವಷ್ಟರಲ್ಲಿ ಪೇಮಿಂಗ್ ಬುಟ್ಟಿಯನ್ನು ತೆಗೆದು, ಒಂದು ಮಾತಿಲ್ಲದೆ, ಹಿತ್ತಲ ಬಾಗಿಲಿನ ಆಚೆ ಚಪ್ಪಲಿಗಳ ಪಕ್ಕ ಇಟ್ಟು ಬಂದ. ನೆಂಟರೆಲ್ಲ ನೋಡುತ್ತಿದ್ದರು. ಯಾಜೆನ್ ಚಹಾ ಕೂಡ ಕುಡಿಯದೆ ಹಿಂದಿರುಗಿದಳು. ಆಮೇಲೆ ಅವನು ಸ್ಟೂಲಿನ ಕಡೆ ಬರಲಿಲ್ಲ, ಅವಳು ಕರೆಯಲಿಲ್ಲ.

ಈಗ ಅವನ ಗಂಟಲು ಕೆಟ್ಟಿದೆಯಂತೆ. ಹೂವು ಮಾರುವವಳು ಬುಟ್ಟಿ ಇಳಿಸುತ್ತಾ ಹೇಳಿದಳು. ಹದಿನಾಲ್ಕು ವರ್ಷ ಕೂಗಿ ಕೂಗಿ ಧ್ವನಿ ಸವೆದಿದೆ, ಡಾಕ್ಟರು ಗೈಡ್ ಕೆಲಸವೇ ಬೇಡ ಎಂದಿದ್ದಾರೆ, ಇವತ್ತಿನದೇ ಕೊನೆಯ ಗುಂಪು, ನಾಳೆ ಶಿಯಾಮೆನ್‌ಗೆ ಹೋಗಿ ತಂಗಿಯ ಲಾಡ್ಜಿನಲ್ಲಿ ಕೂರುತ್ತಾನಂತೆ. ಹೋಗಲಿ ಬಿಡು ಎಂದಳು ಯಾಜೆನ್. ಎಂದವಳು ಕಡ್ಡಿಯನ್ನು ತುರುಬಿನ ಬದಲು ಗಿರಾಕಿಯ ನೆತ್ತಿಗೆ ಚುಚ್ಚಿದಳು. ನಾಳೆಯಿಂದ ಬಾವುಟ ಬರುವುದಿಲ್ಲವಲ್ಲ ಎಂದು ನೆನೆದು ಓಣಿಯ ತುದಿಯತ್ತ ನೋಡಿದಳು.

ಮಧ್ಯಾಹ್ನದ ಗುಂಪು ಬಂತು. ಅವನು ಎದುರಿನ ಗೋಡೆಯ ಬಳಿ ನಿಂತ. ಹಡಗು ಹೊರಡಿಸಲು ಧ್ವನಿ ಏಳಲೇ ಇಲ್ಲ. ಬಾಟಲಿಯ ನೀರು ಕುಡಿದು, ಫೋಟೋ ತೆಗೆದುಕೊಳ್ಳಿ ಎಂದು ಕೈಸನ್ನೆ ಮಾಡಿದ.

ಆ ಗುಂಪಿನ ಒಬ್ಬ ಮುದುಕಿ ಯಾಜೆನ್‌ಳ ಕುರ್ಚಿಯಲ್ಲಿ ಕೂತಳು. ಶೆನ್‌ಯಾಂಗ್‌ನಲ್ಲಿ ಟೀಚರಾಗಿದ್ದವಳಂತೆ, ಬಾಯಿಗೆ ಬಿಡುವಿಲ್ಲ. ಪಾಪ ನಿಮ್ಮ ಗೈಡು, ಇದ್ದಬದ್ದ ಧ್ವನಿಯನ್ನು ಬೆಳಗ್ಗೆ ಮ್ಯೂಸಿಯಮ್ಮಿನ ಗೋರಿಕಲ್ಲುಗಳ ಮುಂದೆ ಸುರಿದುಬಿಟ್ಟ ಎಂದಳು. ಅವನ ಪೂರ್ವಜರು ಅರಬರಂತೆ, ಹಡಗಿನಲ್ಲಿ ಬಂದವರಂತೆ. ನಮಾಜು ಮರೆತು ಎಷ್ಟೋ ತಲೆಮಾರಾಗಿದೆ, ಈಗಿನವರು ಹಂದಿಮಾಂಸವನ್ನೂ ತಿನ್ನುತ್ತಾರಂತೆ.

"ಆದ್ರೆ ಸತ್ತ ಹಿರಿಯರ ಮುಂದೆ ಮಾತ್ರ ಒಂದು ಚೂರೂ ಇಡಂಗಿಲ್ಲವಂತಮ್ಮ. ಗೊತ್ತಿಲ್ದೆ ಯಾರಾದ್ರೂ ಇಟ್ರೆ ತೆಗ್ದು ಬಾಗಿಲಾಚೆ ಇಡ್ಲೇಬೇಕಂತೆ. ಎಂಥಾ ಸೋಜಿಗ ನೋಡು."

ಯಾಜೆನ್‌ಳ ಕೈ ನಿಂತಿತು. ಮೂರು ವರ್ಷದ ಅವಮಾನ ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಅದು ಇಳಿದ ಜಾಗದಲ್ಲಿ ಸಿಟ್ಟು ಏರಿತು. ಅರ್ಧ ತುರುಬಿನ ಮುದುಕಿಯನ್ನು ಅಲ್ಲೇ ಬಿಟ್ಟು ಅವಳು ಓಣಿ ದಾಟಿದಳು.

"ಅವತ್ತು ನನ್ನ ಬುಟ್ಟಿ ಯಾಕೆ ಎತ್ತಿ ಆಚೆ ಇಟ್ರಿ?"

ಅವನು ಬೆಚ್ಚಿ ನೋಡಿದ. ಗೊರಗೊರ ಗಂಟಲಲ್ಲೇ ಪಿಸುಗುಟ್ಟಿದ. "ಹಂದಿಮಾಂಸ ಇತ್ತಲ್ಲ."

"ನೀವು ತಿಂತಿದ್ರಲ್ಲ. ದಿನಾ. ನನ್ನ ಕೈಯಿಂದಾನೇ."

"ನಾನು ತಿಂತೀನಿ. ಹಿರಿಯರು ತಿನ್ನಲ್ಲ."

"ಅದನ್ನ ಹೇಳೋಕೆ ಬಾಯಿರಲಿಲ್ವಾ ಆಗ?"

"ದಿಂಗ್ ಮನೆತನದ ಪದ್ಧತಿ ಊರಿಗೆಲ್ಲ ಗೊತ್ತು, ನಿಮಗೂ ಗೊತ್ತಿದೆ ಅಂದ್ಕೊಂಡೆ. ಗೊತ್ತಿದ್ದೂ ತಂದು ಎಲ್ಲರ ಮುಂದೆ ಇಟ್ರಿ ಅಂದ್ರೆ, ಈ ಮನೆ ಸಹವಾಸ ಬೇಡ ಅಂತ ಹೇಳ್ತಿದೀರಿ ಅಂದ್ಕೊಂಡೆ."

ಊರಿಗೆಲ್ಲ ಗೊತ್ತಿರಬಹುದು. ಶುನ್‌ಪುವಿನ ಹೆಂಗಸಿಗೆ ಸಮುದ್ರ ಗೊತ್ತು, ಹೂವು ಗೊತ್ತು. ಎರಡು ಬಸ್ಸು ಆಚೆಯ ಊರಿನವರ ಸತ್ತ ಹಿರಿಯರು ಏನು ತಿನ್ನುತ್ತಾರೆಂದು ಅವಳಿಗೆ ಹೇಳಿದವರು ಯಾರು? ಹೇಳಬೇಕಾಗಿದ್ದವನು ಅದನ್ನು ದಿನವೂ ಮ್ಯೂಸಿಯಮ್ಮಿನಲ್ಲಿ ಅಪರಿಚಿತರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಯಾಜೆನ್ ಗೋಡೆಯ ಬುಡದ ಕಲ್ಲಿನ ಮೇಲೆ ಕುಸಿದು ಕೂತಳು. ಜಗಳವಾಡಲು ಕೂಡ ಮೈಯಲ್ಲಿ ತ್ರಾಣವಿರಲಿಲ್ಲ. ಅವನೂ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ.

"ನಿಮ್ಮಮ್ಮ ಇದ್ದಾಗ ಒಂದು ಸಲಾನೂ ನನ್ನ ಕರ್ಕೊಂಡ್ಹೋಗಲಿಲ್ಲ ನೀವು," ಎಂದಳು ಅವನ ಮುಖ ನೋಡದೆ. "ಹೋದ್ಮೇಲಾದ್ರೂ ನನ್ನ ಕೈರುಚಿ ನೋಡ್ಲಿ ಅಂತ ಕಡುಬು ತಂದೆ. ನಿಮಗೆ ಇಷ್ಟವಾದದ್ದು ಅವರಿಗೂ ಇಷ್ಟ ಆಗತ್ತೆ ಅಂತ."

ಪೇಮಿಂಗ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ನೀರು ಇಳಿಯಿತು. ಇದ್ದ ಮಾತನ್ನೆಲ್ಲ ಹೊರಗಿನವರಿಗೆ ಸುರಿದುಬಿಟ್ಟೆ, ಮನೆಯವರಿಗೆ ಅಂತ ಏನೂ ಉಳಿಸಲಿಲ್ಲ ಎಂದ. ಅದು ಅವಳಿಗೆ ಕೇಳಿಸಲು ಅವನು ಅವಳ ಕಿವಿಯ ಹತ್ತಿರಕ್ಕೆ ಬಾಗಬೇಕಾಯಿತು. ಬಾಗಿದವನು ಹಿಂದೆ ಸರಿಯಲಿಲ್ಲ.

"ಯಾಜೆನ್, ನನ್ನ ಜೊತೆ ಇರ್ತೀಯಾ?"

ಗುಂಪಿನವರು ಫೋಟೋ ತೆಗೆಯುವುದನ್ನು ನಿಲ್ಲಿಸಿದ್ದರು. ಮುದುಕಿ ಅರ್ಧ ತುರುಬಿನಲ್ಲೇ ಹೊಸಿಲಿಗೆ ಬಂದು ನಿಂತಿದ್ದಳು.

"ನಂಗೆ ಸುಸ್ತಾಗಿದೆ," ಎಂದಳು ಯಾಜೆನ್. "ಐದಕ್ಕೆ ಏಳ್ತೀನಿ. ಸಂಜೆ ಆದ್ರೆ ಒಂದು ಮಾತೂ ಬೇಡ ಅನ್ಸತ್ತೆ. ಹೊಸ ಮದುವಣಗಿತ್ತಿ ಥರ ನಗ್ತಾ ಇರು ಅಂದ್ರೆ ನನ್ನ ಕೈಲಾಗಲ್ಲ."

"ಡಾಕ್ಟರು ನಂಗೂ ಮಾತಾಡ್ಬೇಡ ಅಂದಿದಾರೆ."

ಅವಳಿಗೆ ನಗು ಬಂತು. ಸೊಂಟದ ನೋವಿಗೆ ನಗಲಾಗದೆ ಅವನ ಭುಜ ಹಿಡಿದುಕೊಂಡಳು. ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕೈ ತೆಗೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಆಗ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತಂಗಿ. ನಾಳೆ ಎಷ್ಟು ಗಂಟೆಯ ರೈಲು ಎಂದು ಕೇಳುತ್ತಿದ್ದಳು. ಅವನು ಬಾಯಿ ತೆರೆದ, ಗಾಳಿ ಮಾತ್ರ ಹೊರಟಿತು. ಇನ್ನೊಮ್ಮೆ ಪ್ರಯತ್ನಿಸಿದ. ಆ ಕಡೆಯಿಂದ ಅಣ್ಣಾ, ಅಣ್ಣಾ ಎಂದು ಕೂಗುವುದು ಹೊರಗೂ ಕೇಳಿಸುತ್ತಿತ್ತು. ಅವನು ಫೋನನ್ನು ಯಾಜೆನ್‌ಳ ಕಡೆ ಚಾಚಿದ. ಅವಳು ಬೆರಳಿಗಂಟಿದ್ದ ಮಲ್ಲಿಗೆಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡು ತೆಗೆದುಕೊಂಡಳು.

"ಅವರು ನಾಳೆ ಬರಲ್ಲ," ಎಂದಳು.

"ಯಾರು ಮಾತಾಡ್ತಿರೋದು?"

ಯಾಜೆನ್ ಪೇಮಿಂಗ್‌ನನ್ನು ನೋಡಿದಳು. ಈ ಸಲ ಅವನ ಕಣ್ಣು ಕೆಳಗಿಳಿಯಲಿಲ್ಲ.

"ನಿಮ್ಮ ಅತ್ತಿಗೆ."

ತಂಗಿ ಮೆಲ್ಲಗೆ, ಮನೆಯೊಳಗಿನವರನ್ನು ಕೇಳುವಂತೆ, ಅತ್ತಿಗೆ, ಊಟ ಆಯ್ತಾ ಎಂದು ಕೇಳಿದಳು. ಇನ್ನೂ ಇಲ್ಲಮ್ಮ ಎನ್ನುವಷ್ಟರಲ್ಲಿ ಯಾಜೆನ್‌ಗೆ ಅಳು ಬಂದುಬಿಟ್ಟಿತು.