ಸದ್ದುನುಂಗಿ

ಅಂಗೈಯಗಲದ ನಾಡಿಯಂತ್ರ ದೋಣಿಯ ಎಂಜಿನ್ನಿಗೆ ಅಂಟಿಕೊಂಡು ಮೆಲ್ಲಗೆ ಗುನುಗತೊಡಗಿತು. ಎಂಜಿನ್ನಿನ ಕಂಪನ, ಬಿಸಿ, ಉಸಿರಾಟ ಎಲ್ಲವನ್ನೂ ಗ್ರಹಿಸಿ ಅದು ತನ್ನೊಳಗೆ ಅಂಥದೇ ಒಂದು ಛಾಯಾ ಎಂಜಿನ್ ಕಟ್ಟಿಕೊಳ್ಳುತ್ತಿತ್ತು. ಯಾವ ಭಾಗ ಬದಲಿಸಿದರೆ ವೇಗ ಎಷ್ಟು ಹೆಚ್ಚೀತೆಂದು ಆ ಛಾಯೆಯ ಮೇಲೆಯೇ ಪರೀಕ್ಷೆ ನಡೆಯುತ್ತಿತ್ತು. ನಿಜವಾದ ಎಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚಬೇಕಿರಲಿಲ್ಲ.

ಮಾದೇವಿ ಅಂಬಿಗ ಅದನ್ನೇ ನೋಡುತ್ತ ಕುಳಿತಿದ್ದಳು. ಅಘನಾಶಿನಿ ಅಳಿವೆಯ ನಡುಗಡ್ಡೆಯಿಂದ ದಡದ ಆಸ್ಪತ್ರೆಗೆ ರೋಗಿಗಳನ್ನು ಸಾಗಿಸುವ ದೋಣಿ ಅವಳದು. ಪಾಚಿ ಎಣ್ಣೆಯಲ್ಲಿ ಓಡುವ ಚಿಕ್ಕ ಎಂಜಿನ್. ಹೋದ ವರ್ಷ ಮಗಳು ಲತಿಕಾಳ ಚೊಚ್ಚಲ ಕೂಸು ದಡ ಮುಟ್ಟುವ ಮೊದಲೇ, ಇದೇ ದೋಣಿಯಲ್ಲಿ ಹುಟ್ಟಿ ಇದೇ ದೋಣಿಯಲ್ಲಿ ಕಣ್ಣು ಮುಚ್ಚಿತ್ತು. ಈಗ ಲತಿಕಾ ಮತ್ತೆ ತುಂಬು ಗರ್ಭಿಣಿ. ಈ ಸಲ ದೋಣಿ ತಡವಾಗಕೂಡದು. ಬೇರೇನನ್ನೂ ಮಾದೇವಿ ಯೋಚಿಸುತ್ತಿರಲಿಲ್ಲ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಸುಹಾಸಿನಿ ಭಂಡಾರಕರ ಒಂದೊಂದನ್ನೇ ಬಿಡಿಸಿ ಹೇಳಿದಳು. ಮೊದಲು ನೀರು ತಳ್ಳುವ ಪಂಖವನ್ನು ಬದಲಿಸಬೇಕು. ದೋಣಿಯ ಭಾರಕ್ಕೆ ಹೊಂದದ ಪಂಖವಿದ್ದರೆ ಎಂಜಿನ್ ಎಷ್ಟು ಏದುಸಿರು ಬಿಟ್ಟರೂ ವ್ಯರ್ಥ. ಆಮೇಲೆ ಗಾಳಿ ಎಳೆಯುವ ಕೊಳವೆ ಅಗಲವಾಗಬೇಕು. ಕೊನೆಯದು ಸದ್ದುನುಂಗಿ. ಹೊಗೆಯ ಜೊತೆ ಹೊರಹೋಗುವ ಬಿಸಿಯನ್ನೂ ಸದ್ದನ್ನೂ ಹಿಡಿದು ಮತ್ತೆ ಶಕ್ತಿಯಾಗಿಸುವ ಪೆಟ್ಟಿಗೆ ಅದು. ಮಲಗಿದ ಬಸುರಿಗೆ ಗದ್ದಲವೂ ತಪ್ಪೀತೆಂದು ಮಾದೇವಿ ಅದನ್ನು ಖುಷಿಯಿಂದಲೇ ಒಪ್ಪಿದಳು.

ಮೂರನ್ನೂ ಜೋಡಿಸಿದ ಮೇಲೆ ದೋಣಿ ನೀರಿನ ಮೇಲೆ ಜಾರಿದಂತೆ ಓಡಿತು. ಆದರೆ ಅಳಿವೆಯ ನಡುವೆ, ಇಳಿತದ ನೀರಿನಲ್ಲಿ ಎದೆಮಟ್ಟ ನಿಂತು ಕಾಲಿನಿಂದಲೇ ತಡಕಿ ಬೆಳಚಿನ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮಾದೇವಿ ವೇಗವನ್ನು ಪೂರ್ತಿ ಇಳಿಸಿ ದೋಣಿ ತಿರುಗಿಸಿದರೂ ಅವರಲ್ಲೊಬ್ಬಳಾದ ಬೀರಮ್ಮನ ಬುಟ್ಟಿ ಮಗುಚಿತು.

"ಕಳ್ಳರ ಹಾಗೆ ಬಂದ್ಯಲ್ಲೇ ಮಾದೇವಿ," ಎಂದಳು ಬೀರಮ್ಮ, ಮುಖದ ನೀರು ಒರೆಸಿಕೊಳ್ಳುತ್ತ. "ನನ್ನ ಹೆಕ್ಕಿಕೊಂಡು ಹೋಗ್ವಾ ಅಂತ ಮಾಡಿದ್ಯಾ?"

ದಿನವೂ ಇದೇ ಕತೆಯಾಯಿತು. ಇಳಿತದಲ್ಲಿ ಆಳವಿರುವ ದಾರಿ ಅದೊಂದೇ. ಅಲ್ಲಿ ತೆವಳಿ ಹೋಗಬೇಕಾಗಿ, ಮೊದಲಿಗಿಂತಲೂ ತಡವಾಗುತ್ತಿತ್ತು. ಹಾರ್ನ್ ಹಾಕೋಣವೆಂದು ಸುಹಾಸಿನಿ ಹೇಳಿದಾಗ ಬೀರಮ್ಮ ಬೇಡವೆಂದು ಕೈಯಲ್ಲಾಡಿಸಿಬಿಟ್ಟಳು.

"ಹಾರ್ನು ಪ್ರವಾಸಿ ದೋಣಿಯವ್ರೂ ಹೊಡೀತ್ರು, ಅದಕ್ಕೆಲ್ಲ ಯಾರು ಜಾಗ ಬಿಡ್ತ್ರು? ಇವಳ ಎಂಜಿನ್ ಕೇಳಿದ್ರೆ ಯಾರದೋ ಜೀವ ಹೊರಟಿದೆ ಅಂತ ಗೊತ್ತಾಗ್ತಿತ್ತು. ಎಷ್ಟು ದೂರ ಉಂಟು, ಯಾವ ಬದಿಗೆ ಸರೀಬೇಕು, ಎಲ್ಲಾ."

ಮಾದೇವಿ ಆಗಲೇ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದಳು. ಸದ್ದುನುಂಗಿ ತೆಗೆದರೆ ವೇಗ ಕುಗ್ಗುತ್ತದೆ, ಬೇಡವೆಂದು ನಾಡಿಯಂತ್ರ ಹೇಳುತ್ತಿದೆ ಎಂದು ಸುಹಾಸಿನಿ ತಡೆದಳು.

"ಅದು ನೀರಲ್ಲಿ ನಿಂತದ್ದುಂಟಾ ಅಕ್ಕೋರೆ?" ಎಂದು ಮಾದೇವಿ ತಲೆ ಎತ್ತದೆಯೇ ಕೇಳಿದಳು.

ಸುಹಾಸಿನಿ ಇನ್ನೊಂದು ಸ್ಪ್ಯಾನರ್ ತೆಗೆದುಕೊಂಡು ಪಕ್ಕದಲ್ಲಿ ಕುಳಿತಳು. ಹೊಸ ಪಂಖ, ಹೊಸ ಕೊಳವೆ ಉಳಿದವು. ಹಳೆಯ ಸದ್ದು ಮರಳಿತು.

ಲತಿಕಾಗೆ ನೋವು ಕಾಣಿಸಿದ್ದು ನಡು ಮಧ್ಯಾಹ್ನ, ನೀರು ಪೂರಾ ಇಳಿದ ಹೊತ್ತಿನಲ್ಲಿ. ಎಂಜಿನ್ ದಡದಡಿಸಿತು. ಮಾದೇವಿ ಅಳಿವೆಯ ನಡುವಿಗೆ ಬಂದಾಗ ಹೆಂಗಸರು ಬರೀ ಸರಿದಿರಲಿಲ್ಲ. ಆಳದ ದಾರಿಯ ಎರಡೂ ಅಂಚಿಗೆ ಸಾಲಾಗಿ ನಿಂತು ಬುಟ್ಟಿಗಳನ್ನು ಎತ್ತಿ ಹಿಡಿದಿದ್ದರು. ಹಿಂದಿನ ಉಬ್ಬರಕ್ಕೆ ಮರಳು ಸರಿದು ದಾರಿ ಬಾಗಿತ್ತು. ಅದು ಅವರ ಕಾಲುಗಳಿಗೆ ಗೊತ್ತಿತ್ತು. ಬುಟ್ಟಿಗಳ ನಡುವೆ ಮಾದೇವಿ ಎಲ್ಲಿಯೂ ವೇಗ ಇಳಿಸದೆ ದೋಣಿ ಓಡಿಸಿದಳು.

ಕೂಸು ಆಸ್ಪತ್ರೆಯ ಹಾಸಿಗೆಯಲ್ಲಿ ಹುಟ್ಟಿ ಗಟ್ಟಿಯಾಗಿ ಅತ್ತಿತು.

ಸಂಜೆ ಸುಹಾಸಿನಿ ನಾಡಿಯಂತ್ರ ತೆರೆದು ನೋಡಿದಳು. ತಾನು ಲೆಕ್ಕ ಹಾಕಿದ್ದಕ್ಕಿಂತ ದೋಣಿ ಬೇಗ ತಲುಪಿದ್ದು ಅದಕ್ಕೆ ಅರ್ಥವಾಗಿರಲಿಲ್ಲ. ಜೋಡಿಸಿದ ಹೊಸ ಭಾಗ ಯಾವುದು ಎಂದು ಮತ್ತೆ ಮತ್ತೆ ಕೇಳುತ್ತಿತ್ತು. ಏನೆಂದು ನಮೂದಿಸಲಿ ಎಂದು ಅವಳು ಮಾದೇವಿಯ ಮುಖ ನೋಡಿದಳು.

ಮೊಮ್ಮಗಳನ್ನು ಮಡಿಲಲ್ಲಿ ತಟ್ಟುತ್ತಿದ್ದ ಮಾದೇವಿ ಮೆಲ್ಲಗೆ ಹೇಳಿದಳು: "ಬೀರಮ್ಮ ಅಂತ ಬರೀರಿ."