ಪೊರೆಯ ಕೆಳಗಿನ ಸದ್ದು

ಮಿದುಳಿನ ಪೊರೆಯ ಕೆಳಗೆ ಕಟ್ಟಿಕೊಂಡಿದ್ದ ರಕ್ತವನ್ನು ಡಾಕ್ಟರು ನನ್ನ ತಲೆಬುರುಡೆಗೆ ತೂತು ಕೊರೆದು ತೆಗೆದರು. ನಾನು ಮೆಟ್ಟಿಲಲ್ಲಿ ಜಾರಿ ಬಿದ್ದೆನಂತೆ. ನನಗೆ ನೆನಪಿಲ್ಲ, ನೋಡಿದವಳು ಅಕ್ಕ ಒಬ್ಬಳೇ. ಆಸ್ಪತ್ರೆಯಲ್ಲಿ ತುತ್ತು ಮಾಡಿ ಉಣಿಸಿದವಳೂ ಅವಳೇ.

ಮನೆಗೆ ಬಂದ ಮೇಲೆ ಆ ತೂತಿನ ಜಾಗ ಸುಡುವ ಮಧ್ಯಾಹ್ನದಲ್ಲೂ ತಣ್ಣಗೆ ಕೊರೆಯುತ್ತಿತ್ತು. ಅಕ್ಕ ಮನೆಯಲ್ಲಿ ಇಲ್ಲದಾಗಲೂ ಅವಳ ಸೊಂಟದ ಕೀಲಿ ಗೊಂಚಲು ಅದರೊಳಗೆ ಝಣ್ಣೆನ್ನುತ್ತಿತ್ತು. ಆಮೇಲೆ ನನ್ನ ಬೆನ್ನ ಹಿಂದೆಯೇ ನಿಂತಂತೆ ಅವಳ ಮೆಲುದನಿ: “ಬೇಜಾರು ಮಾಡ್ಕೋಬೇಡ ಕಣೇ.” ಕೊನೆಗೆ ಧಡಾರೆಂದು ಏನೋ ಬಿದ್ದ ಸದ್ದು.

ಅರ್ಧ ಬೋಳಿಸಿದ ನನ್ನ ತಲೆ ಬಾಚಲು ಕೂತ ಅಕ್ಕನಿಗೆ ಕೀಲಿಯ ಸದ್ದನ್ನಷ್ಟೇ ಹೇಳಿದೆ. ಮಾತಿನ ವಿಷಯ ಬಾಯಿಬಿಡಲಿಲ್ಲ.

“ಅಯ್ಯೋ ಹುಚ್ಚಿ, ತಲೆ ಒಳಗೆ ಕೀಲಿನಾ? ಎಲ್ಲಿ, ನಾನೂ ಕೇಳ್ತೀನಿ,” ಎಂದು ನಗುತ್ತಾ ಗಾಯಕ್ಕೆ ಕಿವಿಯಿಟ್ಟಳು. ನಗು ಅರ್ಧಕ್ಕೇ ನಿಂತಿತು. ಬಾಚಣಿಗೆ ಕೈಯಿಂದ ಜಾರಿತು.

“ಬೇಜಾರು ಮಾಡ್ಕೋಬೇಡ ಅಂತ ನಾನು ಅನ್ನಲೇ ಇಲ್ಲ ಕಣೇ,” ಎಂದಳು.

ಆ ಮಾತನ್ನು ನಾನು ಎತ್ತಿರಲೇ ಇಲ್ಲ. ಅವಳು ಉಣಿಸಿದ ತುತ್ತೆಲ್ಲ ನೆನಪಾಯಿತು.

ಅವತ್ತಿನಿಂದ ನನ್ನ ತಲೆ ಬೆಚ್ಚಗಿದೆ, ಒಳಗೆ ಸದ್ದಿಲ್ಲ. ಅಕ್ಕ ಕೀಲಿ ಗೊಂಚಲನ್ನು ಕಸದ ಗಾಡಿಗೆ ಎಸೆದಳು. ಆದರೂ ಗಾಯಕ್ಕೆ ಇಟ್ಟಿದ್ದ ಆ ಕಿವಿಗೆ ಹತ್ತಿ ತುರುಕಿಕೊಂಡೇ ಓಡಾಡುತ್ತಾಳೆ.