ಎಕ್ಸ್ ಒತ್ತಿದ ಫೋಟೊಗಳು

ಕ್ಯಾಲಮ್‌ನ ಮುಖವಿರುವ ಫೋಟೊ ಹುಡುಕು ಎಂದರೆ ಕಂಪ್ಯೂಟರ್ ಕೊಟ್ಟದ್ದು ಎರಡೋ ಮೂರೋ. ಒಂದರಲ್ಲಂತೂ ಬರೀ ಅರ್ಧ ಕಿವಿ. ಊರವರ ಮದುವೆಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದವನನ್ನು ಹಿಡಿದವರೇ ಇರಲಿಲ್ಲ.

ಶನಿವಾರ ಅವನದೇ ಮದುವೆ, ಇಮೋಜೆನ್ ಜೊತೆ. ಊಟದ ಹೊತ್ತಿಗೆ ಅವನ ಹಳೆಯ ಫೋಟೊಗಳನ್ನು ಗೋಡೆಯ ಮೇಲೆ ತೋರಿಸಬೇಕೆಂದು ಸ್ಟುಡಿಯೊದ ಒಡತಿ ಗ್ಲೆನಿಸ್ ಬ್ರಿಯೋನಿಗೆ ಹೇಳಿದ್ದಳು. ಡೆವನ್‌ಪೋರ್ಟಿನ ಆ ಸ್ಟುಡಿಯೊದಲ್ಲಿ ಫೋಟೊ ತೆಗೆಯುವುದು ಕ್ಯಾಲಮ್‌ನ ಕೆಲಸ. ಸೋಸಿ, ಹೆಸರಿಟ್ಟು, ಕೇಳಿದಾಗ ಹುಡುಕಿಕೊಡುವುದು ಬ್ರಿಯೋನಿಯದು. ಚೆನ್ನಾಗಿದ್ದರೆ ಐದು ನಕ್ಷತ್ರ, ಬೇಡವಾದರೆ ಎಕ್ಸ್. ಎಕ್ಸ್ ಒತ್ತಿದ್ದು ಅಳಿಸಿಹೋಗುವುದಿಲ್ಲ, ಕಣ್ಣಿಗೆ ಬೀಳದಂತೆ ಮರೆಯಾಗುತ್ತದೆ ಅಷ್ಟೇ.

"ಬೇಡ ಅಂತ ಬಿಟ್ಟಿದ್ದನ್ನೂ ಒಂದ್ಸಲ ನೋಡು," ಎಂದಳು ಗ್ಲೆನಿಸ್, ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ. "ಕಣ್ಣು ಮುಚ್ಚಿರೋದಾದ್ರೆ ಇನ್ನೂ ಒಳ್ಳೇದು. ಜನ ನಗ್ತಾರೆ."

ಬ್ರಿಯೋನಿ ಮರೆಯಾದವುಗಳಲ್ಲೂ ಹುಡುಕಿಸಿದಳು. ಹೊಸ ಸಾಫ್ಟ್‌ವೇರ್ ಮುಖಗಳನ್ನು ಗುರುತಿಸಿ ರಾಶಿ ಹಾಕಿತು. ಎಲ್ಲಕ್ಕಿಂತ ದೊಡ್ಡ ರಾಶಿಯ ಮೇಲೆ ಹೆಸರಿರಲಿಲ್ಲ. ಇವರು ಯಾರು ಎಂದು ಅದು ಕೇಳುತ್ತಿತ್ತು. ಆ ಮುಖ ಅವಳದೇ.

ವಧುವಿನ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡ ಬ್ರಿಯೋನಿ, ಕೇಕನ್ನು ನಿಂತೇ ನುಂಗುವ ಬ್ರಿಯೋನಿ, ಗಾಳಿಗೆ ಹಾರಿದ ಮುಸುಕಿನ ಹಿಂದೆ ಬರಿಗಾಲಲ್ಲಿ ಓಡುವ ಬ್ರಿಯೋನಿ. ಸ್ಟುಡಿಯೊದವರು ಕಾಣಿಸಿಕೊಂಡ ಫೋಟೊ ಗಿರಾಕಿಗೆ ಹೋಗಬಾರದು ಎಂಬುದು ಗ್ಲೆನಿಸಳ ಕಟ್ಟಪ್ಪಣೆ. ಅಂಚೆಚೀಟಿಯಷ್ಟು ಚಿಕ್ಕದಾಗಿ ಸಾಲುಗಟ್ಟಿದ ಚಿತ್ರಗಳಲ್ಲಿ ತನ್ನ ಕಪ್ಪು ಅಂಗಿ ಕಂಡರೆ ಸಾಕು, ಅವಳ ಬೆರಳು ಎಕ್ಸ್ ಒತ್ತಿ ಮುಂದೆ ಹೋಗುತ್ತಿತ್ತು. ಒಂದನ್ನೂ ದೊಡ್ಡದು ಮಾಡಿ ನೋಡಿರಲಿಲ್ಲ.

ಈಗ ನೋಡಿದಳು. ಕಡಲಂಚಿನ ಬ್ಲಫ್ ಗುಡ್ಡದ ದೀಪಸ್ತಂಭದ ಮುಂದೆ, ಕ್ಯಾಮೆರಾ ಹಿಡಿದವನನ್ನೇ ನೋಡಿ ನಗುತ್ತಿದ್ದಾಳೆ. ತಾನು ಹೀಗೆಲ್ಲ ನಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಅದಕ್ಕೆ ಕ್ಯಾಲಮ್ ಐದು ನಕ್ಷತ್ರ ಕೊಟ್ಟಿದ್ದ. ಅವಳು ಎಕ್ಸ್ ಒತ್ತಿದ್ದಳು. ಅವನು ಮತ್ತೆ ಕೊಟ್ಟಿದ್ದ, ಅವಳು ಮತ್ತೆ ಒತ್ತಿದ್ದಳು. ಇವನ ಬೆರಳು ತಪ್ಪಿ ನಕ್ಷತ್ರದ ಗುಂಡಿಗೆ ತಾಗತ್ತೆ ಎಂದು ಅಂದು ಗೊಣಗಿದ್ದೂ ನೆನಪಾಯಿತು.

"ಬಾಸ್, ಚಿಪ್ಪುಮೀನಿನ ಪೈ ತಂದಿದೀನಿ, ಆರೋಗತ್ತೆ," ಎನ್ನುತ್ತಾ ಬಂದ ಕ್ಯಾಲಮ್ ಪರದೆ ನೋಡಿ ಅಲ್ಲೇ ನಿಂತ. ಅವನ ಕಣ್ಣು ಅವಳತ್ತ ಬಂದು, ಕೈಯಲ್ಲಿದ್ದ ಪೊಟ್ಟಣಕ್ಕೆ ಇಳಿಯಿತು. ಗ್ಲೆನಿಸ್ ಇಬ್ಬರನ್ನೂ ನೋಡಿ, ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

"ಇವೆಲ್ಲ ಯಾಕೆ ತೆಗ್ದೆ?"

"ಗೊತ್ತಿಲ್ವಾ?"

"ಗೊತ್ತಿದ್ರೆ ಕೇಳ್ತಿದ್ನಾ?"

"ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ, ಬ್ರೈ. ಪ್ರತಿ ಸೋಮವಾರ ನೀನು ಸೋಸೋಕೆ ಕೂತ್ರೆ, ಇವತ್ತು ಏನಾದ್ರೂ ಅಂತಾಳೆ ಅಂತ ಕಾಯ್ತಿದ್ದೆ. ಸಂಜೆ ನೋಡಿದ್ರೆ ಎಕ್ಸ್. ಬ್ಲಫ್‌ನ ಫೋಟೊಗೆ ನಕ್ಷತ್ರ ಹಾಕ್ದೆ, ಅದಕ್ಕೂ ಎಕ್ಸ್. ಇನ್ನೆಷ್ಟು ಬಿಡಿಸಿ ಹೇಳ್ಬೇಕು ಪಾಪ ಇವ್ಳು, ಅಂತ ಸುಮ್ನಾದೆ."

"ಅದು ಗ್ಲೆನಿಸ್ ರೂಲ್ ಕಣೋ, ದಡ್ಡ. ನಾನು ನೋಡ್ಲೇ ಇಲ್ಲ."

"ನೋಡಿದ್ರೆ?"

"ಎಕ್ಸ್ ಒತ್ತೋಕೆ ನನ್ ಕೈಲಿ ಆಗ್ತಿರ್ಲಿಲ್ಲ." ಅವಳು ಪರದೆಯತ್ತ ತಿರುಗಿದಳು. "ಸೋಮವಾರ ಎಲ್ರಿಗಿಂತ ಮುಂಚೆ ಬರ್ತಿದ್ದೆ, ಯಾಕೆ ಅನ್ಕೊಂಡೆ? ವಾರವಿಡೀ ನೀನು ಏನೇನು ನೋಡಿದೆ ಅಂತ ನಾನೊಬ್ಳೇ ಮೊದ್ಲು ನೋಡ್ಬೇಕಿತ್ತು."

ಅವನು ನಗಲು ಹೋದ, ಆಗಲಿಲ್ಲ. ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಈಗ?" ಎಂದಳು. ಕೇಳಬಾರದಿತ್ತು, ಆದರೂ ಕೇಳಿದಳು.

"ಈಗ ಇಮೋಜೆನ್ ಇದಾಳೆ. ಅವ್ಳನ್ನ ನಿಜವಾಗ್ಲೂ ಪ್ರೀತಿಸ್ತೀನಿ. ನಿನ್ನ ಹತ್ರ ಸುಳ್ಳು ಹೇಳೋಕಾಗಲ್ಲ."

"ಹೇಳಿದ್ರೆ ಚೆನ್ನಾಗಿತ್ತು," ಎಂದಳು ಬ್ರಿಯೋನಿ. ಇಬ್ಬರೂ ಆರಿದ ಪೈ ತಿಂದರು.

ಶನಿವಾರ ಬ್ಲಫ್‌ನಲ್ಲೇ ಮದುವೆಯಾಯಿತು. ಕ್ಯಾಮೆರಾ ಗ್ಲೆನಿಸಳ ಕೈಯಲ್ಲಿತ್ತು. ದೂರ ನಿಂತ ಬ್ರಿಯೋನಿಯನ್ನು ಇಮೋಜೆನ್ ಕೈಹಿಡಿದು ಎಳೆದಳು. "ಬಾರೇ, ಇವತ್ತು ನೀನು ಸ್ಟುಡಿಯೊದವಳಲ್ಲ, ನಮ್ಮವಳು." ಕ್ಯಾಲಮ್‌ನ ಮಗ್ಗುಲಲ್ಲೇ ನಿಲ್ಲಿಸಿದಳು. ಗಾಳಿಗೆ ಬ್ರಿಯೋನಿಯ ಕೂದಲು ಅವನ ಭುಜಕ್ಕೆ ಹಾರಿತು. "ಕತ್ತೆಗಳಾ, ಇತ್ಲಾಗೆ ನೋಡ್ರೋ," ಎಂದು ಗ್ಲೆನಿಸ್ ಗದರಿದಾಗ ಬ್ರಿಯೋನಿಗೂ ಕ್ಯಾಲಮ್‌ಗೂ ಒಟ್ಟಿಗೇ ನಗು ಬಂತು.

ಸೋಮವಾರ ಆ ಫೋಟೊವನ್ನು ಬ್ರಿಯೋನಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದಳು. ಐದು ನಕ್ಷತ್ರ ಕೊಟ್ಟಳು. ಆಲ್ಬಮ್ಮಿಗೆ ಬೇಕಾದವನ್ನು ಆರಿಸಲು ಎಲ್ಲ ಗಿರಾಕಿಗಳಿಗೆ ಕಳಿಸುವಂತೆ ಮದುವೆಯ ಫೋಟೊಗಳನ್ನೆಲ್ಲ ಮದುಮಕ್ಕಳಿಗೂ ಕಳಿಸಿದಳು. ಅಷ್ಟರಲ್ಲಿ ಅವರು ಮಧುಚಂದ್ರಕ್ಕೆಂದು ಮೆಲ್ಬರ್ನಿನ ಹಡಗು ಹತ್ತಿಯಾಗಿತ್ತು.

ಆಯ್ಕೆ ಬಂದದ್ದು ಮುಂದಿನ ವಾರ, ಕ್ಯಾಲಮ್‌ನ ಹೆಸರಿನಲ್ಲಿ. ಇಮೋಜೆನಳ ಅಮ್ಮ ಅಳುವುದನ್ನು ಆರಿಸಿದ್ದ, ಗ್ಲೆನಿಸಳ ನಾಯಿಯನ್ನೂ ಆರಿಸಿದ್ದ. ಬ್ರಿಯೋನಿಯೂ ಅವನೂ ಒಟ್ಟಿಗೆ ನಗುತ್ತಿದ್ದ ಫೋಟೊದ ಮೇಲೆ ಗುರುತಿರಲಿಲ್ಲ. ಗಿರಾಕಿಗಳಿಗೆ ಎಕ್ಸ್ ಇರುವುದಿಲ್ಲ, ಬೇಡವಾದದ್ದನ್ನು ಅವರು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತಾರೆ.

ಅವನ ಆ ಸೋಮವಾರದ ಸಂಜೆಗಳು ಹೇಗಿದ್ದವೆಂದು ಅವಳಿಗೆ ಆಗ ಗೊತ್ತಾಯಿತು. ತಾನು ಕೊಟ್ಟ ನಕ್ಷತ್ರಗಳನ್ನು ತೆಗೆಯಲು ಮನಸ್ಸು ಬರಲಿಲ್ಲ. ಕಣ್ಣೊರೆಸಿಕೊಂಡು, ಅವನು ಆರಿಸಿದ ಮೊದಲ ಫೋಟೊವನ್ನು ಆಲ್ಬಮ್ಮಿನ ಮೊದಲ ಪುಟದಲ್ಲಿಟ್ಟಳು.